ರಾಹೇಲಮ್ಮನ ವಿಸಿಲ್ಲು

ಬೆಂಗಳೂರು ಮರ್ಫಿ ಟೌನಿನ ಕನ್ನಡ ಕ್ರೈಸ್ತ ಸಭೆಯಲ್ಲಿ ಪಾದ್ರಿ ಅಯ್ಯನವರು ಬದಲಾದರು, ಕಾರ್ಯದರ್ಶಿಗಳು ಬದಲಾದರು, ಹಾರ್ಮೋನಿಯಂ ಮೂಲೆ ಸೇರಿ ಕೀಬೋರ್ಡು ಬಂತು. ಪಿಕ್ನಿಕ್ಕಿನ ಯಜಮಾನಿಕೆ ಮಾತ್ರ ರಾಹೇಲಮ್ಮನ ಕೈಬಿಟ್ಟು ಅತ್ತಿತ್ತ ಅಲ್ಲಾಡಲಿಲ್ಲ. ಜನವರಿ ಇಪ್ಪತ್ತಾರು ಬಂತೆಂದರೆ ದೇಶಕ್ಕೆ ಗಣರಾಜ್ಯೋತ್ಸವ, ಸಭೆಗೆ ಪಿಕ್ನಿಕ್. ಅಂದು ಬೆಳಗ್ಗೆ ಬಸ್ಸಿನ ಬಾಗಿಲಲ್ಲಿ ಕೊರಳಿಗೆ ವಿಸಿಲ್ ಹಾಕಿಕೊಂಡು ಆಕೆ ನಿಂತಳೆಂದರೆ, ಸಭೆಯ ಹಿರಿಯರೂ ತುಟಿ ಪಿಟಕ್ಕೆನ್ನದೆ ಸಾಲಾಗಿ ಹತ್ತುತ್ತಿದ್ದರು. ಇಂದಿರಾನಗರದ ಕಡೆಯವರು ಒಬ್ಬಿಬ್ಬರು ತಮ್ಮ ಕಾರಿನಲ್ಲೇ ಬರುತ್ತೇವೆಂದು ಒಮ್ಮೆ ರಾಗ ಎಳೆದಿದ್ದುಂಟು.

"ಕಾರು ಮನೇಲೇ ಇರ್ಲಿ ಸಾರ್. ಅಲ್ಲಿ ಹೋಗಿ ನೀವು ಒಂದ್ಕಡೆ, ನಾವು ಒಂದ್ಕಡೆ ಕೂತ್ರೆ ಅದೆಂಥಾ ಅನ್ಯೋನ್ಯತೆ? ಹತ್ತಿ ಬಸ್ಸು."

ಅವರು ಹತ್ತಿದರು. ಮುಂದಿನ ವರ್ಷದಿಂದ ಆ ಮಾತೇ ಎತ್ತಲಿಲ್ಲ.

ಆ ವಿಸಿಲ್ ಅವಳ ಗಂಡನದು. ಜ್ಞಾನಪ್ರಕಾಶ ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಆರಾಧನೆ ಮುಗಿದ ಮೇಲೆ ಮೈದಾನದಲ್ಲಿ ಫುಟ್‌ಬಾಲ್ ರೆಫರಿ. ಹಲಸೂರಿನ ಹುಡುಗರು, ಜೋಗುಪಾಳ್ಯದ ಹುಡುಗರು, ತಮಿಳಿನಲ್ಲಿ ಬೈಯುವವರು, ಉರ್ದುವಿನಲ್ಲಿ ಬೈಯುವವರು, ಯಾರೇ ಇರಲಿ, ಅವನು ಫೌಲ್ ಎಂದರೆ ಫೌಲ್. ಪಿಕ್ನಿಕ್ಕಿನ ಆಟಗಳಿಗೂ ಅವನದೇ ವಿಸಿಲ್. ಆಗೆಲ್ಲ ರಾಹೇಲಮ್ಮನ ಜಾಗ ಹಗ್ಗದ ಕೊನೆಯಲ್ಲಿ.

ಪಿಕ್ನಿಕ್ಕೆಂದರೆ ಚಮಚದ ಮೇಲಿನ ನಿಂಬೆಹಣ್ಣು, ಮ್ಯೂಸಿಕಲ್ ಚೇರ್, ಬೈಬಲ್ ಕ್ವಿಜ್ ಎಲ್ಲ ಇದ್ದದ್ದೇ. ಆದರೆ ಜನ ವರ್ಷವಿಡೀ ಮಾತಾಡಿಕೊಳ್ಳುತ್ತಿದ್ದದ್ದು ಹಗ್ಗಜಗ್ಗಾಟದ ವಿಷಯ. ಅದರಲ್ಲೂ ಹೆಂಗಸರದು. ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ. ಸೋತವರು ಗೆದ್ದವರಿಗೆ ಬಿರಿಯಾನಿ ಬಡಿಸಬೇಕು. ಯಾರು ಯಾವಾಗ ಮಾಡಿದ ಕಾನೂನೋ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ರಾಹೇಲಮ್ಮ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ಹಿಂದಕ್ಕೆ ವಾಲಿದಳೆಂದರೆ ಎದುರಿನ ಹುಡುಗಿಯರ ಪಾಲಿಗೆ ಅಂದು ಬಡಿಸುವ ಕೆಲಸ ಗಟ್ಟಿ. ಗಂಡ ಮಾತ್ರ ಒಂದಿಷ್ಟೂ ರಿಯಾಯಿತಿ ತೋರಿಸುತ್ತಿರಲಿಲ್ಲ. ಒಮ್ಮೆ ಅವಳ ಕಾಲು ಗೆರೆ ದಾಟಿತೆಂದು ವಿಸಿಲ್ ಊದಿ, ಮನೆಗೆ ಹೋದ ಮೇಲೆ ವಾರವಿಡೀ ಬೈಸಿಕೊಂಡ.

ತೊಂಬತ್ತೆರಡರಲ್ಲಿ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲೇ ಅವನ ಎದೆಬಡಿತ ನಿಂತುಹೋಯಿತು.

ಅದರ ಮುಂದಿನ ಜನವರಿಗೆ ರಾಹೇಲಮ್ಮ ಮಗಳು ಶೀಬಾಳ ಕೈಹಿಡಿದುಕೊಂಡು ಪಿಕ್ನಿಕ್ಕಿಗೆ ಬಂದಳು. ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಹೆಂಗಸರ ಹಗ್ಗ ಹಾಸಿದಾಗ ತೋಪಿನಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ನೆಲ ನೋಡುವ ಕೆಲಸ ಬಂತು. ಇವಳನ್ನು ಯಾವ ಕಡೆಗೆ ನಿಲ್ಲಿಸುವುದು? ಆಗಿದ್ದ ಅಯ್ಯನವರ ಹೆಂಡತಿ ಒಳ್ಳೆಯ ಮನಸ್ಸಿನವರು. ಜ್ಞಾನಪ್ರಕಾಶನ ವಿಸಿಲ್ ಆಟದ ಸಾಮಾನಿನ ಚೀಲದಲ್ಲೇ ಉಳಿದಿತ್ತು. ಅದನ್ನು ತೆಗೆದು ಇವಳ ಕೊರಳಿಗೆ ಹಾಕಿದರು.

"ನಿಮ್ ಯಜಮಾನ್ರು ಮಾಡ್ತಿದ್ ಕೆಲ್ಸ. ಇನ್ಮೇಲೆ ನೀವೇ ನಡ್ಸ್ಕೊಂಡ್ ಹೋಗ್ಬೇಕಮ್ಮ."

ಎಲ್ಲರೂ ನಿಟ್ಟುಸಿರು ಬಿಟ್ಟರು. ರಾಹೇಲಮ್ಮ ಊದಿದಳು. ಅಳುವುದಕ್ಕೆಂದು ಕಟ್ಟಿಕೊಂಡಿದ್ದ ಉಸಿರೆಲ್ಲ ಅದರಲ್ಲೇ ಖರ್ಚಾಯಿತು.

ಅಲ್ಲಿಂದ ಅವಳು ಹಿಂದಿರುಗಿ ನೋಡಲಿಲ್ಲ. ಗಂಡನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನುಕಂಪದ ಕೆಲಸ ಸಿಕ್ಕಿತು. ಅನುಕಂಪವೆನ್ನುವುದು ಆದೇಶದ ಹಾಳೆಯಲ್ಲಿ ಮಾತ್ರ. ಎರಡೇ ವರ್ಷದಲ್ಲಿ ಕ್ಯಾಂಟೀನಿನವರೆಲ್ಲ ಅವಳ ಅನುಕಂಪಕ್ಕೆ ಕಾಯುವಂತಾಯಿತು. ಮಗಳನ್ನು ಓದಿಸಿದಳು. ಸಭೆಯ ಕ್ಯಾರೋಲ್ ತಂಡ, ಸ್ತ್ರೀಯರ ಅನ್ಯೋನ್ಯ ಕೂಟ, ಸುಗ್ಗಿ ಹಬ್ಬದ ಊಟ, ಎಲ್ಲದಕ್ಕೂ ರಾಹೇಲಮ್ಮ ಬೇಕು. ಪಿಕ್ನಿಕ್ಕಿನಲ್ಲಿ ಮರದ ಕೆಳಗೆ ಜಮಖಾನ ಹಾಸಿಕೊಂಡು ಎಲ್ಲರ ಚೀಲ ಕಾಯುತ್ತ ಕೂರುವ ಎಲಿಸಬೇತಮ್ಮ ಮತ್ತು ಇನ್ನಿಬ್ಬರು ಮುದುಕಿಯರಿದ್ದರು, ಮೂವರೂ ಗಂಡನನ್ನು ಕಳೆದುಕೊಂಡವರು. ಅವರ ಹಾಗೆ ತಾನು ಕೂರಲಿಲ್ಲ ಎನ್ನುವುದು ರಾಹೇಲಮ್ಮನ ಒಳಗಿನ ಹೆಮ್ಮೆ. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಪ್ರಫುಲ್ಲಾಳ ವಿಷಯ ಬಂತು. ಗದಗ ಬೆಟಗೇರಿಯ ಹುಡುಗಿ. ಗಂಡನ ಜೊತೆ ಬಂದು ಜೋಗುಪಾಳ್ಯದಲ್ಲಿ ಸಂಸಾರ ಹೂಡಿದ್ದಳು. ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸ. ಎರಡು ಸಾವಿರದ ಮೂರರ ಪಿಕ್ನಿಕ್ಕಿಗೆ ಗಂಡ ಹೆಂಡತಿ ಇಬ್ಬರೂ ಬಂದು ಕುಣಿದು ಕುಪ್ಪಳಿಸಿ ಹೋಗಿದ್ದರು. ಅದಾದ ಕೆಲವೇ ವಾರಗಳಿಗೆ ಹಳೆ ಮದ್ರಾಸ್ ರಸ್ತೆಯಲ್ಲಿ ಲಾರಿಯೊಂದು ಅವನ ಸ್ಕೂಟರಿಗೆ ಗುದ್ದಿತು. ಅವನನ್ನು ಮಣ್ಣು ಮಾಡಿದ ದಿನ ಇಡೀ ಸಭೆ ಅವಳ ಜೊತೆಗಿತ್ತು. ಆಮೇಲೆ ಅವಳು ಆರಾಧನೆಗೆ ಬರುವುದು ಕಡಿಮೆಯಾಯಿತು, ಕ್ರಿಸ್ಮಸ್ಸಿಗಂತೂ ಬರಲೇ ಇಲ್ಲ. ಬೆಂಗಳೂರು ಬಿಟ್ಟು ಬೆಟಗೇರಿಗೆ ಬಾ ಎಂದು ತಾಯಿ ಕರೆಯುತ್ತಿದ್ದಾರೆ ಎಂಬ ಸುದ್ದಿಯೂ ಬಂತು.

ರಾಹೇಲಮ್ಮ ಸುಮ್ಮನಿರುವ ಪೈಕಿಯಲ್ಲ. ಒಂದು ಸಂಜೆ ಜೋಗುಪಾಳ್ಯದ ಆ ಒಂಟಿ ಕೋಣೆಗೆ ಹೋಗಿ ಕೂತಳು.

"ಯಾಕಮ್ಮ, ನಾವೇನಾದ್ರೂ ಅಂದ್ವಾ?"

"ಯಾರೂ ಏನೂ ಅಂದಿಲ್ರಿ ಅತ್ತಿ. ಎಲ್ಲಾರೂ ಭಾಳ ಛಲೋ ಅದಾರ." ಪ್ರಫುಲ್ಲಾ ಚಹಾದ ಲೋಟ ಮುಂದಿಟ್ಟಳು. "ಪ್ರತಿ ಐತವಾರ ನನ್ನ ಹೆಸರು ತಗೊಂಡು ಪ್ರಾರ್ಥನಾ ಮಾಡ್ತಾರ್ರೀ. ಎಲ್ಲಾರೂ ಕಣ್ಣು ಮುಚ್ಚಿರ್ತಾರ. ಆದ್ರೂ ಎಲ್ಲಾರೂ ನನ್ನನ್ನ ನೋಡಾಕತ್ತಾರ ಅನಿಸ್ತದ. ಅಲ್ಲಿ ನಾನು ಬರೇ 'ಅಯ್ಯೋ ಪಾಪ' ಅನ್ನಿಸ್ಕೊಳ್ಳಾಕಿ ಆಗೀನ್ರಿ. ಆಫೀಸಿನ್ಯಾಗ ಹಂಗಿಲ್ಲ."

ರಾಹೇಲಮ್ಮನಿಗೆ ಚುರುಕ್ಕೆಂದಿತು. ತಾನು ಕಂಡದ್ದೇ ಇದು. ಪಿಕ್ನಿಕ್ಕಿಗೆ ಬರುತ್ತೇನೆಂದು ಮಾತು ತೆಗೆದುಕೊಂಡೇ ಎದ್ದಳು. ಅಲ್ಲಿಂದಲೂ ಅವಳು ಪಾಪ ಅನ್ನಿಸಿಕೊಂಡೇ ಮನೆಗೆ ಹೋದರೆ ಮತ್ತೆ ಸಭೆಯ ಬಾಗಿಲಿಗೆ ಬರುವವಳಲ್ಲ, ಅದು ರಾಹೇಲಮ್ಮನಿಗೆ ಸ್ಪಷ್ಟವಾಗಿ ತಿಳಿದಿತ್ತು. ದಾರಿಯಲ್ಲಿ ನಡೆಯುತ್ತಲೇ ಅವಳಿಗೆ ಉಪಾಯವೂ ಹೊಳೆಯಿತು. ತನ್ನನ್ನು ಎತ್ತಿ ನಿಲ್ಲಿಸಿದ್ದು ಯಾವುದು? ಈ ವಿಸಿಲ್. ಇವಳನ್ನೂ ಅದೇ ನಿಲ್ಲಿಸಲಿ. ಕೊಡುವುದಕ್ಕೆ ಮನಸ್ಸು ಸುಲಭಕ್ಕೆ ಒಪ್ಪಲಿಲ್ಲ. ಆದರೂ ಗಟ್ಟಿ ಮನಸ್ಸು ಮಾಡಿ, ವಿಸಿಲ್ ಅನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಹೊಸ ಕೆಂಪು ದಾರ ಪೋಣಿಸಿದಳು.

ಇಪ್ಪತ್ತಾರರ ಬೆಳಗ್ಗೆ ಬಸ್ಸು ಕೆ.ಆರ್. ಪುರದ ಹೊಸ ತೂಗುಸೇತುವೆ ದಾಟುವಾಗ ಮಕ್ಕಳೆಲ್ಲ ಹೋ ಎಂದು ಕೂಗಿದರು. ಪ್ರಫುಲ್ಲಾ ಕಡೆಯ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡಿದ್ದಳು. ಹೊಸಕೋಟೆಯ ಆಚೆಗಿನ ಮಾವಿನ ತೋಪಿಗೆ ಬಂದಾಗ, ಮುಂಚೆಯೇ ಬಂದಿದ್ದ ಶಿವಾಜಿನಗರದ ಅಡುಗೆಯವರು ಅಹ್ಮದ್ ಪಾಷಾ ಒಲೆ ಹೂಡಿ ಈರುಳ್ಳಿ ಹುರಿಯುತ್ತಿದ್ದರು. ಮರಗಳೆಲ್ಲ ಹೂ ಬಿಟ್ಟಿದ್ದವು. ಪಾಷಾ ಸಾಹೇಬರೂ ರಾಹೇಲಮ್ಮನ ಕಾನೂನಿಗೆ ಒಳಪಟ್ಟವರೇ: ಹಗ್ಗಜಗ್ಗಾಟ ಮುಗಿಯುವ ತನಕ ಬಿರಿಯಾನಿಯ ಮುಚ್ಚಳ ತೆಗೆಯುವಂತಿಲ್ಲ. ಹೊಟ್ಟೆ ತುಂಬಿದ ಮೇಲೆ ಈ ಜನ ಹಗ್ಗವಿರಲಿ, ಕಾಲನ್ನೂ ಎಳೆಯಲಾರರು ಎನ್ನುವುದು ಅವಳ ಅನುಭವ.

ಗಂಡಸರ ಆಟ ಮುಗಿಯಿತು. ಹೆಂಗಸರ ಸರದಿ ಬಂತು. ಹಗ್ಗದ ನಡುವಿಗೆ ಕರವಸ್ತ್ರ ಕಟ್ಟಿದರು. ಮದುವೆಯಾಗದವರ ಸಾಲಿನ ಮುಂದೆ ಶೀಬಾ ಅಂಗೈ ಉಜ್ಜಿಕೊಳ್ಳುತ್ತ ನಿಂತಳು. ಆಗ ರಾಹೇಲಮ್ಮ ಎಲ್ಲರ ಎದುರಿಗೆ ಪ್ರಫುಲ್ಲಾಳನ್ನು ಕರೆದಳು, ತನ್ನ ಕೊರಳಿನ ವಿಸಿಲ್ ತೆಗೆದು ಅವಳಿಗೆ ಹಾಕಿದಳು.

"ಇನ್ಮೇಲೆ ಇದು ನಿಂದು ಕಣಮ್ಮ."

ಜನ ಚಪ್ಪಾಳೆ ತಟ್ಟಿದರು. ಅಯ್ಯನವರು ಕಣ್ಣು ಒದ್ದೆ ಮಾಡಿಕೊಂಡು "ಸ್ತೋತ್ರ" ಎಂದರು. ಪ್ರಫುಲ್ಲಾ ವಿಸಿಲ್ ನೋಡಿದಳು, ನೆಲದ ಮೇಲಿನ ಹಗ್ಗವನ್ನು ನೋಡಿದಳು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಸೀಟಿ ನನಗ ಬ್ಯಾಡ. ನಾ ಹಗ್ಗ ಜಗ್ಗಾಕ ಬಂದೀನ್ರಿ." ಮದುವೆಯಾದವರ ಸಾಲಿನತ್ತ ಕೈ ತೋರಿಸಿದಳು. "ಹೋದ ವರ್ಷ ನಾ ಅಲ್ಲಿ ನಿಂತಿದ್ನಲ್ರೀ. ಈ ವರ್ಷ ಎಲ್ಲಿ ನಿಂದ್ರಲಿ, ಹೇಳ್ರಿ?"

ಚಪ್ಪಾಳೆ ನಿಂತಿತು. ತೋಪಿನಲ್ಲಿ ಮತ್ತೆ ಎಲ್ಲರಿಗೂ ನೆಲ ನೋಡುವ ಕೆಲಸ. ಯಾರೋ "ಊಟ ಬಡ್ಸೋಕೆ ಒಂದ್ ಕೈ ಬೇಕಲ್ವಾ" ಎಂದರು. ಇನ್ಯಾರೋ "ಪಾಪ, ಆಯಾಸ ಮಾಡ್ಕೋಬಾರ್ದು" ಎಂದರು.

ರಾಹೇಲಮ್ಮನಿಗೆ ಮೊದಲು ಬಂದದ್ದು ಸಿಟ್ಟೇ. ತನ್ನ ಬಳಿ ಇದ್ದದ್ದರಲ್ಲೆಲ್ಲ ದೊಡ್ಡದನ್ನು ಕೊಟ್ಟರೆ ಈ ಹುಡುಗಿ ನಾಲ್ಕು ಜನರ ಮುಂದೆ ಬೇಡ ಅನ್ನುವುದೇ? ಬಾಯಿ ತೆರೆದಳು. ಆದರೆ ಆ ಹುಡುಗಿಯ ಕೈ ಕಣ್ಣಿಗೆ ಬಿತ್ತು. ಬೆರಳುಗಳು ಮಡಿಚಿಕೊಂಡಿದ್ದವು, ಆಗಲೇ ಹಗ್ಗ ಹಿಡಿದವರ ಹಾಗೆ. ಹನ್ನೊಂದು ವರ್ಷದ ಹಿಂದೆ, ಬೇರೊಂದು ತೋಪಿನಲ್ಲಿ, ತನ್ನ ಕೈಯೂ ಹಾಗೇ ಮಡಿಚಿತ್ತು. ಅಂದು ಕೊರಳಿಗೆ ವಿಸಿಲ್ ಬಿದ್ದಾಗ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದು ತನಗೆ ಜಾಗ ಸಿಕ್ಕಿತೆಂದಲ್ಲ, ತನಗೆ ಜಾಗ ಹುಡುಕುವ ತೊಂದರೆ ತಪ್ಪಿತೆಂದು. ಅದು ಈಗ ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಬೇರೆಯವರು ಎಳೆಯುವುದಕ್ಕೆ ತಾನು ಊದಿದ್ದಳು. ಹಗ್ಗ ಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ, ಇವಳು ಕೇಳಿದಳು. ಆ ಹುಡುಗಿಯ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಮದ್ವೆ ಆದೋರ ಕಡೆ ಹೋಗಿ ನಿಂತ್ಕೊ," ಎಂದಳು.

ಕಾರ್ಯದರ್ಶಿಗಳು ಕೆಮ್ಮಿದರು. ಕೆಟ್ಟವರಲ್ಲ, ಕಾನೂನಿನ ಮನುಷ್ಯ. "ಅಲ್ಲ ರಾಹೇಲಮ್ಮ, ತಪ್ಪು ತಿಳ್ಕೋಬೇಡಿ. ಮದ್ವೇಲಿ ನಾವು ವಚನ ಕೊಡೋದೇ ಮರಣವು ಅಗಲಿಸೋ ತನಕ ಅಂತ ಅಲ್ವಾ?"

ರಾಹೇಲಮ್ಮ ಅವರ ಕಡೆ ತಿರುಗಿದಳು.

"ಅಗಲಿದ್ದು ಅವ್ರು ಸಾರ್. ನಾನಲ್ಲ."

ರಾಹೇಲಮ್ಮ ಪ್ರಫುಲ್ಲಾಳ ಕೊರಳಿನಿಂದ ವಿಸಿಲ್ ತೆಗೆದು ಅಯ್ಯನವರ ಕೈಗೆ ಕೊಟ್ಟಳು. "ಊದೋದು ನಿಮ್ ಕೆಲ್ಸ ಅಯ್ಯನೋರೇ. ಗೆರೆ ಸರಿಯಾಗಿ ನೋಡಿ, ರಿಯಾಯಿತಿ ಬೇಡ." ಚಪ್ಪಲಿ ಬಿಟ್ಟಳು. ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಮದುವೆಯಾದವರ ಸಾಲಿನುದ್ದಕ್ಕೂ ನಡೆದುಹೋಗಿ, ಪ್ರಫುಲ್ಲಾಳ ಹಿಂದೆ, ಹಗ್ಗದ ಕೊನೆಯಲ್ಲಿ ನಿಂತಳು. ಒಂದು ಸುತ್ತು ಸೊಂಟಕ್ಕೆ ಬಂತು. ಸೊಂಟ ಮೊದಲಿನಂತಿರಲಿಲ್ಲ, ಹಗ್ಗ ಸ್ವಲ್ಪ ಜಾಸ್ತಿಯೇ ಬೇಕಾಯಿತು. ಹಿಮ್ಮಡಿ ಮಾತ್ರ ತಾನಾಗಿಯೇ ಮಣ್ಣು ಹುಡುಕಿಕೊಂಡಿತು.

ಅಷ್ಟರಲ್ಲಿ ಮರದ ಕೆಳಗಿನಿಂದ ಒಂದು ದನಿ ಕೇಳಿಸಿತು.

"ರಾಹೇಲು, ಅಲ್ಲಿ ಇನ್ನೊಂದ್ ಕೈಗೆ ಜಾಗ ಇದ್ಯೇನೇ?"

ಎಲಿಸಬೇತಮ್ಮ ಮಂಡಿ ಹಿಡಿದುಕೊಂಡು ಜಮಖಾನದಿಂದ ಏಳುತ್ತಿದ್ದರು. ಅವರ ಹಿಂದೆ ಇನ್ನಿಬ್ಬರೂ ಎದ್ದರು. ಒಬ್ಬರು ಎರಡು ಹೆಜ್ಜೆ ಇಟ್ಟು, ಚೀಲಗಳ ರಾಶಿಯತ್ತ ತಿರುಗಿ ನೋಡಿ ಅನುಮಾನಿಸಿದರು.

"ಚೀಲ ಎಲ್ಲಾ ನಾನು ನೋಡ್ಕೋತೀನಿ ಅಮ್ಮಾ, ನೀವು ಹೋಗಿ," ಎಂದರು ಅಹ್ಮದ್ ಪಾಷಾ. ಸೌಟು ಹಿಡಿದುಕೊಂಡೇ ಬಂದು ಜಮಖಾನದ ಪಕ್ಕದಲ್ಲಿ ನಿಂತರು.

ಮೂವರೂ ಬಂದು ಹಗ್ಗ ಹಿಡಿದರು. ರಾಹೇಲಮ್ಮ ಸಾಲನ್ನು ಹಿಂದಕ್ಕೆ ಸರಿಸಿ ಅವರಿಗೆ ಜಾಗ ಮಾಡಿದಳು. ಎದುರು ಸಾಲಿನಲ್ಲಿ ಗದ್ದಲ ಎದ್ದಿತು. ಶೀಬಾ ಹಗ್ಗ ಕೆಳಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಮಮ್ಮೀ, ಇದು ಮೋಸ! ನಿಮ್ ಕಡೆ ಜಾಸ್ತಿ ಜನ ಆದ್ರು!"

"ಮೋಸ ಆಗಿದ್ದು ಇಷ್ಟು ವರ್ಷ ಕಣೇ," ಎಂದಳು ರಾಹೇಲಮ್ಮ. "ಎತ್ಕೊಳ್ರೇ ಹಗ್ಗ."

ಪ್ರಫುಲ್ಲಾ ಬಗ್ಗಿ ಹಗ್ಗವನ್ನು ಬಿಗಿಯಾಗಿ ಹಿಡಿದಳು. ಅಯ್ಯನವರು ವಿಸಿಲ್ ಊದಿದರು.