ಅಕ್ಕನ ಬಲಗೈ, ನನ್ನ ಅವಸರದ ಪ್ರಾರ್ಥನೆ

ಕಳೆದ ಡಿಸೆಂಬರಿನಲ್ಲಿ ನಮ್ಮ ಅಕ್ಕ ನನ್ನನ್ನು ಮನೆಯಿಂದ ಎಬ್ಬಿಸಿ ಕಳಿಸಿದಳು. ಜಗಳವೇನೂ ಆಗಿರಲಿಲ್ಲ. ಆಸ್ತಿಯ ಮಾತೂ ಬಂದಿರಲಿಲ್ಲ. ನಾನು ಪ್ರಾರ್ಥನೆ ಮಾಡಿದ್ದೆ, ಅಷ್ಟೇ.

ಪ್ರಾರ್ಥನೆ ಮಾಡಿದ್ದಕ್ಕೆ ಯಾರಾದರೂ ಸ್ವಂತ ತಮ್ಮನನ್ನು ಹೊರಗೆ ಕಳಿಸುತ್ತಾರೆಯೇ?

ಅಕ್ಕನ ಹೆಸರು ಸಲೋಮಿ. ಮನೆ ಸಿಂಧನೂರಿನಲ್ಲಿ, ಕೆಲಸ ಗೊರೇಬಾಳದಲ್ಲಿ. ನರ್ಸು. ಮೊದಲು ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಲ್ಲಿದ್ದಳು. ಆ ಭಾಗದ ಅರ್ಧ ಕೂಸುಗಳ ತೊಡೆಗೆ ಸೂಜಿ ಚುಚ್ಚಿದ ಕೈ ಅವಳದು. 'ಸಲೋಮಕ್ಕ ಚುಚ್ಚಿದ್ರ ಕೂಸಿಗೆ ಗೊತ್ತಾಗಂಗಿಲ್ಲ' ಅಂತ ತಾಯಂದಿರು ಹೇಳುತ್ತಾರೆ. (ಕೂಸುಗಳ ಅಭಿಪ್ರಾಯ ಬೇರೆ ಇರಬಹುದು.)

ನಾನಿರುವುದು ಲಿಂಗಸುಗೂರಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನವೆಂಬರಿನ ಒಂದು ಭಾನುವಾರ ನನ್ನ ಕಿರಿ ಮಗಳ ದೀಕ್ಷಾಸ್ನಾನ ಇತ್ತು. ಅಕ್ಕ ಅವತ್ತೇ ಮುಂಜಾನೆ ಬಸ್ಸಿಗೆ ಬರುತ್ತೇನೆ ಅಂದಿದ್ದಳು. ನಾನೇ ಫೋನ್ ಮಾಡಿ ಹಠ ಹಿಡಿದೆ.

"ಶನಿವಾರನ ಬಾ ಅಕ್ಕಾ. ಶ್ಯಾವಿಗಿ ಪಾಯಸ ನೀನ ಮಾಡಬೇಕು."

ಶನಿವಾರ ಡ್ಯೂಟಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು, ಭಾವನ ಬೈಕ್ ಹತ್ತಿದಳು. ಮಸ್ಕಿ ಇನ್ನು ಎರಡು ಕಿಲೋಮೀಟರ್ ಇರುವಾಗ, ಯಾರೋ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಎದುರಿಗೆ ಲಾರಿ ಬಂತು. ಭಾವ ಬೈಕನ್ನು ಬದಿಗೆ ತೆಗೆದುಕೊಂಡರು. ಭತ್ತದ ಮೇಲೆ ಗಾಲಿ ಜಾರಿತು.

ಭಾವನಿಗೆ ತರಚು ಗಾಯ. ಅಕ್ಕ ಬಲಗೈ ಮೇಲೆ ಬಿದ್ದಳು. ಮೂಳೆ ಎರಡು ಕಡೆ ಮುರಿದಿತ್ತು. ಅದಕ್ಕಿಂತ ಕೆಟ್ಟದ್ದು, ನರ ಜಜ್ಜಿತ್ತು. ರಾಯಚೂರಿನಲ್ಲಿ ಆಪರೇಷನ್ ಆಯಿತು. ಕೈ ಉಳಿಯಿತು, ಬೆರಳು ಮಾತ್ರ ಅಲುಗಲಿಲ್ಲ. "ನರ ತಾನಾಗೇ ಬೆಳೀಬೇಕು. ವ್ಯಾಯಾಮ ಬಿಡಬೇಡಿ. ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ" ಅಂದರು ಡಾಕ್ಟರು.

ಅಕ್ಕ ಮನೆಗೆ ಬಂದ ವಾರಕ್ಕೆ ನಾನು ನೋಡಲು ಹೋದೆ. ಮಂಚದ ಮೇಲೆ ಕೂತಿದ್ದಳು. ಕೈ ತೊಡೆಯ ಮೇಲೆ, ಯಾರೋ ಮರೆತು ಇಟ್ಟುಹೋದ ವಸ್ತುವಿನ ಹಾಗೆ. ನನಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಮಾತು ತಿಳಿಯದಿದ್ದಾಗ ನಮ್ಮಂಥ ವಿಶ್ವಾಸಿಗಳು ಏನು ಮಾಡುತ್ತೇವೆ? ಕಣ್ಣು ಮುಚ್ಚಿ ಶುರು ಮಾಡುತ್ತೇವೆ.

ನಾನೂ ಶುರು ಮಾಡಿದೆ. ಕರ್ತನೇ, ಇದೆಲ್ಲ ನಿನ್ನ ಚಿತ್ತ ಅಂದೆ. ನೀನು ಮಾಡಿದ್ದನ್ನು ನಾವು ಪ್ರಶ್ನಿಸುವುದಿಲ್ಲ ಅಂದೆ. ಈ ಕೈಯನ್ನು ಸಂತೋಷದಿಂದ ನಿನಗೆ ಒಪ್ಪಿಸಿಕೊಡುತ್ತೇವೆ ಅಂದೆ. ಒಳ್ಳೆಯ ಪ್ರಾರ್ಥನೆ. ಭಾಷೆಯೂ ಚೆನ್ನಾಗಿತ್ತು.

ಆಮೆನ್ ಅಂದು ಕಣ್ಣು ಬಿಟ್ಟರೆ, ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳು ಕಣ್ಣು ಮುಚ್ಚಿಯೇ ಇರಲಿಲ್ಲ.

"ಯಾರ ಕೈ ಕೊಟ್ಟಿ ನೀ ಈಗ?" ಅಂದಳು.

ನಾನು ಜೋಡಿಸಿದ್ದ ಕೈ ಬಿಡಿಸಿದೆ.

"ನಿಂದೋ, ನಂದೋ? ನನ್ನ ಕೈ ನಾ ಕೊಡಬೇಕು ತಮ್ಮಾ. ನಾ ಇನ್ನಾ ಕೊಟ್ಟಿಲ್ಲ. ನನಗ ಬ್ಯಾನಿ ಆಗಾಕತ್ತೈತಿ. ನೀ ಈಗ ಎದ್ದು ಹೋಗು."

ಹೋದೆ. ಸಿಟ್ಟಿನಿಂದಲೇ ಹೋದೆ. ಅಕ್ಕನ ವಿಶ್ವಾಸ ಕುಸಿದಿದೆ ಅಂತ ಹೆಂಡತಿಯ ಮುಂದೆ ಹೇಳಿಯೂಬಿಟ್ಟೆ. ಕ್ರಿಸ್ಮಸ್ಸಿಗೂ ಅಕ್ಕ ಚರ್ಚಿಗೆ ಹೋಗಲಿಲ್ಲ ಅಂತ ಗೊತ್ತಾದಾಗ ಭಾವನಿಗೆ ಫೋನ್ ಮಾಡಿದೆ.

"ದೇವರ ಕೂಡ ಮಾತು ಬಿಟ್ಟಾಳೇನು?"

"ಎಲ್ಲಿ ಬಿಟ್ಟಾಳ?" ಅಂದರು ಭಾವ. "ದಿನಾ ಮುಂಜಾನೆ ಎದ್ದು ಬೈಯಾಕತ್ಯಾಳ. ನಂಗ ಬೈಯಾದು ಬಿಟ್ಟಾಳ, ಅದೊಂದು ಆರಾಮ."

ನಗು ಬಂತು. ಫೋನಿಟ್ಟ ಮೇಲೆ ಬರಲಿಲ್ಲ. ಯಾಕೆಂದರೆ ಒಂದು ವಿಷಯ ಅಷ್ಟು ದಿನದಿಂದ ನನ್ನೊಳಗೇ ಇತ್ತು. ಶನಿವಾರವೇ ಬಾ ಅಂದವನು ನಾನು. ಅದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ದೇವರ ಮುಂದೆಯೂ ಹೇಳಿರಲಿಲ್ಲ.

ಜನವರಿಯಲ್ಲಿ ಮತ್ತೆ ಸಿಂಧನೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಬಿಸಿಲಿಗೆ ಕೂತು ಬೆರಳುಗಳ ನಡುವೆ ಮೆತ್ತನೆಯ ಚೆಂಡು ಇಟ್ಟುಕೊಂಡು ಒತ್ತಲು ನೋಡುತ್ತಿದ್ದಳು. ಜಡೆ ಅಚ್ಚುಕಟ್ಟಾಗಿತ್ತು. ಕುಂತ ಕೂಡಲೇ ಹೇಳಿಬಿಟ್ಟೆ.

"ನಾ ಹಠ ಮಾಡಲಾರದಿದ್ರ ನೀ ಬಸ್ಸಿಗೇ ಬರ್ತಿದ್ದಿ ಅಕ್ಕಾ."

"ಹೌದು," ಅಂದಳು.

ಛೇ, ಹಂಗೇನಿಲ್ಲ ಬಿಡು ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಅವತ್ತ ನೀ ಪ್ರಾರ್ಥನಿ ಮಾಡಿದ್ದು ನಿನ್ನ ಸಲುವಾಗಿ. ನನಗ ಗೊತ್ತಿತ್ತು. ಇವತ್ತ ನನ್ನ ಸಲುವಾಗಿ ಬಂದಿ. ಚಾ ಕುಡಿ" ಅಂದಳು. ನನ್ನ ಕಣ್ಣು ತುಂಬಿದವು. ಅವಳು ನೋಡಿಯೂ ನೋಡದಂತೆ ಚೆಂಡು ಒತ್ತುತ್ತಿದ್ದಳು.

ಚಹಾ ಕುಡಿಯುತ್ತ ಅಕ್ಕ ತಾನಾಗಿಯೇ ಹೇಳಿದಳು. ಮುಂಜಾನೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ತಲೆ ಬಾಚಿಕೊಳ್ಳುವುದು. ಒಂದು ಕೈಯಲ್ಲಿ ಜಡೆ ಹೆಣೆಯಲು ಆಗುವುದಿಲ್ಲ. ಭಾವ ಮಾಡುತ್ತೇನೆ ಅಂದರೆ ಬೇಡ ಅಂದಳು. ಅಕ್ಕಪಕ್ಕದವರು ಬಂದರೆ ಅವರಿಗೂ ಬೇಡ ಅಂದಳು. ಕೂದಲು ಗಂಟುಗಟ್ಟಿತು.

ಹೊಸ ವರ್ಷದ ಮರುದಿನ ಆರ್.ಎಚ್. ಕ್ಯಾಂಪಿನಿಂದ ಮಾಲತಿ ಅನ್ನುವ ಬಂಗಾಳಿ ಹೆಂಗಸು ಬಂದಿದ್ದರಂತೆ. ಅವರ ಮೂರೂ ಮಕ್ಕಳಿಗೆ ಸೂಜಿ ಹಾಕಿದ್ದು ಅಕ್ಕನೇ. ಆಯಮ್ಮ ಹೇಗಿದ್ದೀರಿ ಅಂತಲೂ ಕೇಳಲಿಲ್ಲ. ಅಕ್ಕನ ತಲೆ ನೋಡಿದರು, ಬಾಚಣಿಗೆ ಹುಡುಕಿದರು, ಹಿಂದೆ ಬಂದು ಕೂತರು. ಅಕ್ಕ ಬೇಡ ಅನ್ನುವಷ್ಟರಲ್ಲಿ ಎಣ್ಣೆ ಹಚ್ಚಿಯಾಗಿತ್ತು.

"ಆಕಿ ಒಂದೊಂದೇ ಗಂಟು ಬಿಡಿಸಾಕ ಹತ್ತಿದ್ಳು," ಅಂದಳು ಅಕ್ಕ. "ನಾ ತಲಿ ಆಕಿ ಕೈಯಾಗ ಬಿಟ್ಟು ಸುಮ್ನ ಕುಂತೆ. ಅಪಘಾತ ಆದಾಗಿಂದ ಅವತ್ತ ಮೊದಲನೇ ಸಲ ಅತ್ತೆ ನಾ. ಅಳತ ಅಳತ ಒಳಗ ಅಂದೆ, ಕರ್ತಾ, ಈ ಕೈ ನಿಂದು. ತಿರುಗಿ ಕೊಡ್ತಿ ಅಂದ್ರ ಕೊಡು. ಇಲ್ಲಂದ್ರ ಇದಿಲ್ದ ಬದುಕಾದು ಹೆಂಗ ಅಂತ ಕಲಿಸು. ಖರೇನ ಅಂದೆ."

"ಸಂತೋಷದಿಂದ ಅಂದ್ಯಾ?"

"ಇಲ್ಲ. ಅಳತ ಅಂದೆ ಅಂತ ಹೇಳಿದೆನಲ್ಲ."

ಒಪ್ಪಿಸಿಕೊಡುವುದು ಅಂದರೆ ಕೈಚೆಲ್ಲಿ ಕೂರುವುದು ಅಂತ ನಾನು ತಿಳಿದಿದ್ದೆ. ಹೆಚ್ಚೆಂದರೆ, ನೋವಾಗಿಲ್ಲ ಅಂತ ಮುಖ ಇಟ್ಟುಕೊಳ್ಳುವುದು. ಅಕ್ಕ ಒಪ್ಪಿಸಿಕೊಟ್ಟ ಮರುದಿನವೇ ಚೆಂಡು ತರಿಸಿ ದಿನಕ್ಕೆ ನಾಲ್ಕು ಸಲ ವ್ಯಾಯಾಮ ಶುರು ಮಾಡಿದಳು. ಅದಕ್ಕೂ ಮೊದಲು ಒಂದು ಸಲವೂ ಮಾಡಿರಲಿಲ್ಲವಂತೆ. ಬೆರಳು ಅಲುಗದಿದ್ದರೆ ಅನ್ನುವ ಹೆದರಿಕೆ. ಆ ಹೆದರಿಕೆಯನ್ನು ಬೇರೊಬ್ಬರ ಕೈಗೆ ಕೊಟ್ಟ ಮೇಲೆ ಚೆಂಡು ಹಿಡಿಯುವುದು ಸುಲಭವಾಯಿತು.

ಈಗ ಹೆಬ್ಬೆರಳು, ಜೊತೆಗೆ ಎರಡು ಬೆರಳು ಮಡಚುತ್ತವೆ. ಉಳಿದೆರಡು ಇನ್ನೂ ಇಲ್ಲ. ಹೋದ ತಿಂಗಳು ಮತ್ತೆ ಕೆಲಸಕ್ಕೆ ಸೇರಿದಳು. ಸೂಜಿ ಹಾಕುವುದು ಹೊಸದಾಗಿ ಬಂದ ಸಿಸ್ಟರ್. ಅಕ್ಕ ಎಡಗೈಯಲ್ಲಿ ಕಾರ್ಡು ಬರೆಯುತ್ತಾಳೆ, ತಾಯಂದಿರನ್ನು ಗದರಿಸುತ್ತಾಳೆ, ಆ ಹುಡುಗಿಗೆ ಕೈ ನಡುಗದ ಹಾಗೆ ಚುಚ್ಚುವುದನ್ನು ಕಲಿಸುತ್ತಾಳೆ.

ಮೊನ್ನೆ ಗುರುವಾರ ಲಸಿಕೆಯ ದಿನ ನಾನೂ ಗೊರೇಬಾಳಕ್ಕೆ ಹೋಗಿದ್ದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂತಿದ್ದ ಒಬ್ಬ ತಾಯಿ ಅಕ್ಕನನ್ನು ಕೇಳಿದಳು.

"ನಿಮ್ಮ ಕೈ ಪೂರಾ ಬರೋಬರಿ ಆಕ್ಕೈತೇನ್ರಿ ಅಕ್ಕಾರ?"

"ಗೊತ್ತಿಲ್ಲವಾ," ಅಂದಳು ಅಕ್ಕ. "ಕೂಸಿನ ಕಾಲು ಗಟ್ಟಿ ಹಿಡಿ."

ನಾಳೆಯ ಬಗ್ಗೆ ಇಷ್ಟು ನೆಮ್ಮದಿಯಿಂದ 'ಗೊತ್ತಿಲ್ಲ' ಅನ್ನುವುದು ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ?