ಕಾಂಕ್ರೀಟಿನ ಕೆಳಗಿನ ಹೆಸರು

ಲಾರಿಗಳಿಗೆ ಟಾರ್ಪಾಲಿನ್ ಹೊಲಿದುಕೊಡುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಟಾರ್ಪಾಲ್ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ಮಗಳಿಗೆ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ, ಆತ ಹಡಗಿನಲ್ಲೇ ಜ್ವರ ಬಂದು ತೀರಿಕೊಂಡ. ಊರಿಗೆ ತರಲಾಗದೆ ದೂರದ ಬಂದರೊಂದರ ನಾವಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಜೊತೆಗಿದ್ದ ನಾವಿಕ ಮನೆಗೆ ಬಂದು, "ದೀಪಸ್ತಂಭದ ಹಿಂದೆ, ಗೋಡೆ ಪಕ್ಕ ಅಕ್ಕ. ಮರದ ಹಲಗೆ ಮೇಲೆ ಹೆಸರು ಬರೆದಿದ್ದೀವಿ. ನೆರಳಿದೆ" ಎಂದು ಹೇಳಿ ಹೋದ. ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಆಕೆ ಮಗಳನ್ನು ಬೆಳೆಸಿದಳು.

ಮಗಳು ಸರ್ವೆ ಕಲಿತು ಕೆಲಸಕ್ಕೆ ಸೇರಿದಳು. ಒಂದು ರಜೆಯ ದಿನ ಲ್ಯಾಪ್‌ಟಾಪನ್ನು ಹೊಲಿಗೆ ಮೇಜಿನ ಮೇಲಿಟ್ಟು, ಉಪಗ್ರಹದ ಚಿತ್ರಗಳಿಂದ ಕೂಡಿಸಿದ ಭೂಮಿಯನ್ನು ತಿರುಗಿಸಿ ತೋರಿಸಿದಳು. ಮೊದಲು ಸಿಕ್ಕಿದ್ದು ಅವರದೇ ಮನೆಯ ತಾರಸಿ.

"ನಮ್ಮ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ ಅನ್ನೋದು ಲೋಕಕ್ಕೆಲ್ಲ ಗೊತ್ತಾಯ್ತಲ್ಲೇ" ಎಂದಳು ಅಕ್ಕ.

ಆಮೇಲೆ ಗಂಡ ಹೇಳುತ್ತಿದ್ದ ಬಂದರುಗಳನ್ನು ನೆನಪು ಮಾಡಿಕೊಂಡು ಒಂದೊಂದಾಗಿ ಹುಡುಕಿಸಿದಳು. "ಇಲ್ಲಿ ಒಳ್ಳೇ ಈರುಳ್ಳಿ ಸಿಗಲ್ಲ ಅಂತ ಬೈಕೊಳ್ತಿದ್ರು ನಿಮ್ಮಪ್ಪ." ಕಡೆಗೆ ಆ ಬಂದರು ಬಂತು. ದೀಪಸ್ತಂಭದ ಹಿಂದೆ, ಗೋಡೆಗೆ ಅಂಟಿಕೊಂಡಂತೆ ಅಂಗೈಯಗಲದ ಹಸಿರು. ಅಕ್ಕ ಪರದೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು.

ಬಿಡುವಾದಾಗಲೆಲ್ಲ ಅದನ್ನು ನೋಡುವುದು ರೂಢಿಯಾಯಿತು. "ಹೋಗ್ಬರೋಣ್ವಾ?" ಎಂದೇ ಕೇಳುತ್ತಿದ್ದಳು ಅಕ್ಕ, ಲ್ಯಾಪ್‌ಟಾಪಿನತ್ತ ನೋಡಿ.

ಕೆಲವು ವರ್ಷ ಕಳೆದ ಮೇಲೆ, ಒಂದು ದಿನ ತೆರೆದರೆ ಹೊಸ ಚಿತ್ರ ಬಂದಿತ್ತು. ಹಸಿರು ಇರಲಿಲ್ಲ. ಅಲ್ಲಿ ಬೂದು ಕಾಂಕ್ರೀಟು, ಅದರ ಮೇಲೆ ಕಂಟೇನರುಗಳ ಸಾಲು. ಮಗಳು ಗಡಿಬಿಡಿಯಲ್ಲಿ ಚಿತ್ರವನ್ನು ಪಕ್ಕಕ್ಕೆ ಸರಿಸಹೋದಳು.

"ಬಿಡು. ನಾನು ನೋಡ್ದೆ."

ಹಿಂದಿನ ಚಿತ್ರಗಳನ್ನು ತೆಗೆದು ನೋಡಿದರು. ಹಸಿರು, ಆಮೇಲೆ ಅಗೆದ ಕೆಂಪು ಮಣ್ಣು, ಆಮೇಲೆ ಬೂದು.

ಮಗಳು ಆ ಊರಿನ ನಾವಿಕರ ತಂಗುಮನೆಗೆ ಫೋನ್ ಮಾಡಿದಳು. ಬಂದರು ದೊಡ್ಡದು ಮಾಡುವಾಗ ಕಲ್ಲಿದ್ದ ಗೋರಿಗಳನ್ನಷ್ಟೇ ಗುಡ್ಡಕ್ಕೆ ಸಾಗಿಸಿದ್ದರಂತೆ. ಹಲಗೆಗಳು ಎಂದೋ ಗೆದ್ದಲು ಹಿಡಿದು ಹೋಗಿದ್ದವು. ಯಾರು ಎಲ್ಲಿ ಎಂದು ತಿಳಿಯದೆ ಅವರನ್ನು ಅಲ್ಲೇ ಬಿಟ್ಟರಂತೆ.

ಅಕ್ಕ ಅಂದು ಹೊಲಿಗೆ ಯಂತ್ರ ಮುಟ್ಟಲಿಲ್ಲ. ಆಮೇಲೆ ಬಹಳ ದಿನ, ಹೋಗಿಬರುವ ಮಾತನ್ನೇ ಎತ್ತಲಿಲ್ಲ. ಮಗಳೂ ಕೆದಕಲಿಲ್ಲ. ಒಂದು ಬೆಳಿಗ್ಗೆ ಟಾರ್ಪಾಲಿನ್ ಮಡಚುತ್ತ ಅಕ್ಕ ತಾನಾಗಿಯೇ ಕೇಳಿದಳು.

"ಆ ನಕ್ಷೆ ಮೇಲೆ ನಾವು ಹೆಸರು ಬರೀಬಹುದಾ?"

"ಬರೀಬಹುದು. ಆದ್ರೆ ಅಲ್ಲಿ ಈಗ ಆ ಜಾಗಾನೇ ಇಲ್ವಲ್ಲಮ್ಮ."

"ಜಾಗ ಎಲ್ಲಿಗೆ ಹೋಗತ್ತೆ? ಮೇಲಿನ ಹೊದಿಕೆ ಬದಲಾಗಿದೆ, ಅಷ್ಟೆ."

ಮಗಳು ಕಂಟೇನರುಗಳ ನಡುವೆ ಒಂದು ಗುರುತು ಹಾಕಿದಳು: ಹಳೆಯ ನಾವಿಕರ ಸ್ಮಶಾನ. ಅದರಡಿ ತಂದೆಯ ಹೆಸರು. "ಹಡಗಿನ ಅಡುಗೆಯವರು ಅಂತಾನೂ ಹಾಕು" ಎಂದಳು ಅಕ್ಕ. ಎಲ್ಲರಿಗೂ ಕಾಣುವ ನಕ್ಷೆ ಅದು. ಯಾರಾದರೂ ಅಳಿಸಿಯಾರು ಎಂದು ಮಗಳಿಗೆ ಭಯವಿತ್ತು. ಯಾರೂ ಅಳಿಸಲಿಲ್ಲ.

ಮುಂದಿನ ವರ್ಷ ನೋಡಿದಾಗ ಆ ಹೆಸರಿನ ಕೆಳಗೆ ಬೇರೆ ಹೆಸರುಗಳು ಸೇರಿದ್ದವು. ಅಲ್ಲೇ ಉಳಿದ ಬೇರೆ ನಾವಿಕರವು, ಯಾವ್ಯಾವುದೋ ದೇಶದ ಅವರ ಮನೆಯವರು ಬರೆದದ್ದು. ಲಿಪಿಗಳು ಮಗಳಿಗೂ ಓದಲು ಬರಲಿಲ್ಲ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದಳು.

"ಓದಕ್ಕೆ ಬರದಿದ್ರೆ ಬೇಡ ಬಿಡು" ಎಂದಳು. "ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅಂತಾದ್ರೂ ಗೊತ್ತಾಯ್ತಲ್ಲ."