ಬೇಸಿನ ಗುಂಡಿಯ ಮೇಲಿದ್ದ ಕೈ

ನನ್ನ ತಂಗಿ ನನಗೆ ಹೇಳಿದ್ದು ಒಂದೇ ಕೆಲಸ. ತಾನು ಮಾಡಿಕೊಟ್ಟ ಹಾಡನ್ನು ನನ್ನ ಡಿಜೆಯ ದೊಡ್ಡ ಸ್ಪೀಕರ್ ಬಾಕ್ಸುಗಳ ಮುಂದೆ ನಿಂತು ಪೂರ್ತಿ ಕೇಳುವುದು, ಹೇಗೆ ಬಂತೆಂದು ಇದ್ದದ್ದನ್ನು ಇದ್ದ ಹಾಗೆ ಬಂದು ಹೇಳುವುದು. ನಾನು ಅದನ್ನು ಮಾಡಲಿಲ್ಲ. ಕೇಳದೆಯೇ ಕೇಳಿದವನ ಹಾಗೆ ಪ್ರತಿ ಸಲ ಏನೋ ಒಂದು ಹೇಳಿದೆ. ಅದರಿಂದ ಏನು ಹಾಳಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬರೆದು ರೂಢಿಯಿಲ್ಲ.

ನಮ್ಮದು ಮಸಗುಪ್ಪಿ. ಹೊಲದಲ್ಲಿ ಕಬ್ಬು, ಗೋವಿನಜೋಳ. ಕಬ್ಬು ಸಾಗಿಸುವ ಹಂಗಾಮು ಮುಗಿದರೆ ಟ್ರ್ಯಾಕ್ಟರ್ ಸುಮ್ಮನೆ ನಿಲ್ಲುತ್ತದಲ್ಲ ಎಂದು ಟ್ರೇಲರಿನ ಮೇಲೆ ಡಿಜೆ ಕಟ್ಟಿಸಿದ್ದೆ. ಕೆಳಗೆ ಬೇಸಿನ ದೊಡ್ಡ ಬಾಕ್ಸುಗಳು, ಅವುಗಳ ಮೇಲೆ ಹಾಡಿನ ಮಾತು ಕೇಳಿಸುವ ಸಣ್ಣವು, ಹಿಂದೆ ಜನರೇಟರ್. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದೆ.

ಹಾಡು ಮಾಡುತ್ತಿದ್ದವಳು ತಂಗಿ. ಮೂಡಲಗಿಗೆ ಕಂಪ್ಯೂಟರ್ ಕ್ಲಾಸಿಗೆಂದು ಹೋದವಳು ಅಲ್ಲಿ ಟೈಪಿಂಗ್ ಕಲಿತದ್ದು ಕಡಿಮೆ. ಮನೆಗೆ ಹಳೆಯ ಕಂಪ್ಯೂಟರ್ ಒಂದು ಬಂದ ಮೇಲೆ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಹಾಡಿಗೆ ಡೊಳ್ಳು ಸೇರಿಸುವುದು, ಬೇಸು ಹಾಕುವುದು ತಾನೇ ಕಲಿತಳು. ಕಾಳಿನ ಚೀಲ ಇಡುವ ಖೋಲಿಯೇ ಅವಳ ಜಾಗ. ಚೀಲಗಳ ಸಂದಿನಲ್ಲಿ ಒಂದು ಮೇಜು, ಗೇಣುದ್ದದ ಎರಡು ಸ್ಪೀಕರು. ಅಷ್ಟೇ.

ಅವಳ ಕಷ್ಟವೂ ಆ ಸ್ಪೀಕರಿನದೇ. ಬೇಸೆಂದರೆ ಹಾಡಿನ ಅತಿ ಕೆಳಗಿನ ದನಿ, ಕಿವಿಗಿಂತ ಎದೆಗೆ ಮೊದಲು ತಿಳಿಯುವ ದನಿ, ಅದು ಆ ಸಣ್ಣ ಸ್ಪೀಕರಿನಲ್ಲಿ ಬರುವುದೇ ಇಲ್ಲ. ನನ್ನ ದೊಡ್ಡ ಬಾಕ್ಸಿನಲ್ಲಿ ಮಾತ್ರ ಬರುತ್ತದೆ.

"ಇಲ್ಲಿ ಕಂಪ್ಯೂಟರಿನ ಪಡದೆದ ಮ್ಯಾಲ ಗೆರಿ ಕುಣಿಯೂದು ಕಾಣತೈತಿ ಅಷ್ಟ, ಕೇಳಂಗಿಲ್ಲ" ಎಂದಳು ಒಮ್ಮೆ. "ಕಣ್ಣಲೆ ನೋಡಿ ಹಾಕಾಕತ್ತೇನಿ ಅಣ್ಣಾ. ಕಣ್ಣು ಮುಚ್ಚಿ ರೊಟ್ಟಿ ಬಡದಂಗ ಆಗೇತಿ."

"ನಿನ್ನ ರೊಟ್ಟಿ ಕಣ್ಣ ತೆರದ ಬಡದರೂ ಹಂಗ ಇರತಾವ ಬಿಡ."

"ನಗಬ್ಯಾಡ, ಕೇಳಿಲ್ಲೆ. ನಮ್ಮ ಓಣ್ಯಾಗ ಎಮ್ಮಿ ಬರೂ ಹೊತ್ತಿಗೆ ನೀ ಟ್ರ್ಯಾಕ್ಟರ್ ತಂದ್ರ ಏನಾಗತೈತಿ?"

"ಎಮ್ಮಿ ಬೆದರತೈತಿ. ನಾ ಬೈಸ್ಕೋತೇನಿ."

"ಹಾಂ. ಡೊಳ್ಳು, ಬೇಸು ಎರಡೂ ಕೆಳಗಿನ ಒಂದ ಓಣ್ಯಾಗ ಅಡ್ಡಾಡ್ತಾವ. ಡೊಳ್ಳು ಬಂದಾಗ ಬೇಸು ತುಸು ಬಾಜೂ ಸರೀಬೇಕ. ಡೊಳ್ಳು ದಾಟಿದ ಮ್ಯಾಲ ಮತ್ತ ಬರಬೇಕ. ಎರಡೂ ಕೂಡೇ ನುಗ್ಗಿದ್ರ ಬರೇ ರಾಡಿ. ಮ್ಯಾಲಿನ ಹಾಡ ಆ ರಾಡ್ಯಾಗ ಮುಳುಗತೈತಿ."

ಬಾಕ್ಸಿನ ಬುಡದಲ್ಲಿ ನಿಂತರೆ ಸಾಲದು, ಮೆರವಣಿಗೆಯ ಕೊನೆಗೂ ಹೋಗಿ ನಿಲ್ಲು, ಗೋಡೆಯ ಹತ್ತಿರವೂ ನಿಲ್ಲು, ಡೊಳ್ಳು ಬೇರೆ ಬೇಸು ಬೇರೆ ಕೇಳುತ್ತದೆಯೋ ನೋಡು ಎಂದು ಹೇಳಿಕೊಟ್ಟಳು. ತಾನೇ ಬರುತ್ತೇನೆ, ಟ್ರ್ಯಾಕ್ಟರಿನ ಮೇಲೆ ನಿನ್ನ ಬಾಜೂ ಕೂಡುತ್ತೇನೆ ಎಂದೂ ಕೇಳಿದಳು. ಕುಡಿದು ಕುಣಿಯುವ ಗಂಡಸರ ನಡುವೆ ನಿನಗೇನು ಕೆಲಸ ಎಂದೆ. ಹಾಗಾದರೆ ಹೊಲದಲ್ಲಿ ಒಂದು ಮುಂಜಾನೆ ಹಚ್ಚಿ ಕೇಳಿಸು ಎಂದಳು. "ಡೀಸೆಲ್ ಸುಮ್ನ ಬರತೈತೇನ?" ಎಂದೆ. ನಮ್ಮ ಟ್ರ್ಯಾಕ್ಟರ್ ಅದಕ್ಕಿಂತ ಹೆಚ್ಚು ಡೀಸೆಲನ್ನು ನನ್ನ ಗೆಳೆಯರ ಕೆಲಸಕ್ಕೆ ಸುಡುತ್ತಿತ್ತು. ಈಗ ನೆನೆದರೆ ಎಲ್ಲಕ್ಕಿಂತ ಚುಚ್ಚುವುದು ಆ ಒಂದು ಮಾತು.

ಮೆರವಣಿಗೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ನಾಗನೂರಿನ ಒಂದು ಮದುವೆ ನೆನಪಿದೆ. ಅವಳ ಹೊಸ ಹಾಡು ಹಚ್ಚಿ ಇನ್ನೂ ಒಂದು ನುಡಿ ಮುಗಿದಿರಲಿಲ್ಲ, ಹುಡುಗರು ಟ್ರೇಲರ್ ಬಡಿದು "ಬೇಸ್! ಬೇಸ್!" ಎಂದು ಕೂಗಿದರು. ನಾನು ದನಿ ಏರಿಸಿ ಇಳಿಸುವ ಮಿಕ್ಸರಿನಲ್ಲಿ ಬೇಸಿನ ಗುಂಡಿಯನ್ನು ಕೊನೆಯವರೆಗೆ ತಿರುವಿದೆ. ಮನೆಗಳ ಪತ್ರಾಸಿನ ತಗಡಿನ ಮಾಡುಗಳು ಜರ್ರೆಂದವು. ಒಬ್ಬ ಮುದುಕ ಹೊರಗೆ ಬಂದು, "ತಮ್ಮಾ, ನಮ್ಮ ಗ್ವಾಡ್ಯಾಗಿನ ಗೂಟ ಬಿದ್ದಾವೋ, ಬಂದ ಮತ್ತ ಬಡದ ಹೋಗ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಡಿನ ಒಂದು ಶಬ್ದವೂ ಕೇಳುತ್ತಿರಲಿಲ್ಲ, ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಮಿಕ್ಸಿಂಗ್ ಯಾರದು ಎಂದು ಒಬ್ಬ ಕೇಳಿದಾಗ "ನಮ್ಮದ" ಎಂದೆ.

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಇದ್ದಳು.

"ಹೆಂಗ ಬಂತ?"

"ಭಾರಿ ಬಂತ."

"ಡೊಳ್ಳು ಬ್ಯಾರೆ ಕೇಳ್ತೇನ?"

"ಕೇಳ್ತ."

"ದೂರ ನಿಂತ ನೋಡಿದಿಯೇನ?"

"ನೋಡಿದ್ನಿ. ನೀರ ಕೊಡ ಮೊದಲ."

ಅವಳ ಮುಖ ಅರಳಿತು. ಅದನ್ನು ನೋಡಿ, ಸುಳ್ಳಾದರೇನು, ಖುಷಿಯಾಯಿತಲ್ಲ ಎಂದುಕೊಂಡೆ. ಆಮೇಲಾಮೇಲೆ ಅದೇ ರೂಢಿಯಾಯಿತು. ಕೆಲವೊಮ್ಮೆ ನಿಜದಂತೆ ಕಾಣಲೆಂದು "ಈ ಸಲ ಬೇಸು ತುಸು ಕಡಿಮಿ ಬಿತ್ತ ನೋಡ" ಎಂದೂ ಹೇಳಿದ್ದುಂಟು. ಅವಳು ದಿನವೆಲ್ಲ ಕೂತು, ಕೇಳದ ದನಿಯನ್ನು ಪಡದೆಯ ಮೇಲೆ ತುಸು ಏರಿಸಿ, ತುಸು ಇಳಿಸಿ ತಿದ್ದುತ್ತಿದ್ದಳು. ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಅವಳು ಅದನ್ನು ನಂಬಿ ಕೆಲಸ ಮಾಡುತ್ತಿದ್ದಳು.

ಅವ್ವ ತೀರಿಕೊಂಡ ಮರುವರ್ಷ ತಂಗಿಯ ಲಗ್ನ ಗೊತ್ತಾಯಿತು. ಹುಕ್ಕೇರಿಯ ಮನೆತನ, ಒಳ್ಳೆಯ ಮಂದಿ. ಅವ್ವ ಗೋವಿನಜೋಳದ ತೆನೆ ಬಿಡಿಸುತ್ತ ಹಾಡುತ್ತಿದ್ದ ಒಂದು ಪದವನ್ನು ತಂಗಿ ಹಿಂದೆಯೇ ಮೊಬೈಲಿನಲ್ಲಿ ತುಂಬಿಟ್ಟಿದ್ದಳು. ನಡುವೆ ಅವ್ವ ಕೆಮ್ಮಿದ್ದು, ಕೋಳಿಯನ್ನು ಹೊಡೆದು ಓಡಿಸಿದ್ದು ಎಲ್ಲ ಅದರಲ್ಲಿತ್ತು. ಅದಕ್ಕೆ ಡೊಳ್ಳು ಕೂಡಿಸಿ, ಕೆಳಗೆ ಬೇಸು ಕೂಡಿಸಿ ತನ್ನ ಲಗ್ನದ ಮೆರವಣಿಗೆಗೆ ಹಾಡು ಮಾಡಿದಳು. ಕೋಳಿ ಓಡಿಸಿದ್ದನ್ನು ತೆಗೆಯಲಿಲ್ಲ. ಹಾಗೇ ಬಿಟ್ಟಳು.

ಪೆನ್‌ಡ್ರೈವ್ ಕೊಡುವಾಗ ಹೇಳಿದಳು: "ಇದೊಂದಕ್ಕ ಯಾವ ಗುಂಡಿನೂ ಮುಟ್ಟಬ್ಯಾಡ ಅಣ್ಣಾ. ಎಲ್ಲಾ ನಡುವಿಗಿರ್ಲಿ. ಅವ್ವನ ದನಿ ಸಣ್ಣದೈತಿ."

"ಮುಟ್ಟಂಗಿಲ್ಲ" ಎಂದೆ.

"ನಾನೂ ಮೊದಲನೇ ಸಲ ದೊಡ್ಡ ಬಾಕ್ಸಿನ್ಯಾಗ ಕೇಳಾಕಿ."

ಲಗ್ನ ಹುಕ್ಕೇರಿಯಲ್ಲೇ ಆಯಿತು. ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳನ್ನು ಹೂವು ಕಟ್ಟಿದ ಜೀಪಿನಲ್ಲಿ ಕೂರಿಸಿ ಬಸವಣ್ಣನ ಗುಡಿಗೆ ಹೊರಟೆವು. ಮುಂದೆ ನನ್ನ ಟ್ರೇಲರ್, ನಡುವೆ ಕುಣಿಯುವ ಮಂದಿ, ಹಿಂದೆ ಜೀಪು. ಹಾಡು ಹಚ್ಚಿದೆ. ಅವ್ವನ ದನಿ ಬಂತು. ಜೀಪಿನಲ್ಲಿ ತಂಗಿ ಬಾಸಿಂಗವನ್ನು ಒಂದು ಕೈಯಿಂದ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಅದನ್ನು ನಾನು ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ಬೀಗರ ಕಡೆಯ ಹುಡುಗರು ಬಂದರು.

"ಏನ್ರಿ ಮಾವ್ನವರ, ಲಗ್ನದಾಗ ಭಜನಿ ಹಚ್ಚೀರಲ್ರಿ?"

"ಮಸಗುಪ್ಪಿ ಬಾಕ್ಸ್ ಇವತ್ತ ಉಪಾಸ ಅದಾವ ಕಾಣ್ತೈತ್ರಿ!"

ಸುತ್ತಲಿದ್ದವರು ನಕ್ಕರು. ನನ್ನ ಕೈ ಗುಂಡಿಯ ಮೇಲೆ ಹೋಯಿತು. ಯೋಚನೆ ಮಾಡಿ ತಿರುವಿದೆ ಎಂದೂ ಹೇಳಲಾರೆ, ತಿಳಿಯದೆ ತಿರುವಿದೆ ಎಂದೂ ಹೇಳಲಾರೆ. ಕೊನೆಯವರೆಗೆ ತಿರುವಿದೆ. ಬಾಕ್ಸುಗಳು ಗುಂಯ್ಯೆಂದವು, ಡೊಳ್ಳು ಬೇಸು ಒಂದಾಗಿ ರಾಡಿಯಾಯಿತು, ಅವ್ವನ ದನಿ ಅದರೊಳಗೆ ಹೋಯಿತು. ಹುಡುಗರು ಸಿಳ್ಳೆ ಹೊಡೆದು ಕುಣಿದರು. ತಂಗಿ ಇನ್ನೂ ಸ್ವಲ್ಪ ಹೊತ್ತು ಮುಂದಕ್ಕೆ ಬಾಗಿಯೇ ಇದ್ದಳು. ಕುಣಿಯುವವರ ತಲೆ ಅಡ್ಡ ಬಂದು ನನ್ನ ಕೈ ಅವಳಿಗೆ ಕಾಣುತ್ತಿರಲಿಲ್ಲ. ಹಾಡು ಮುಗಿಯುವ ಮೊದಲೇ ಹಿಂದಕ್ಕೆ ಒರಗಿದಳು.

ಸಂಜೆ ನಾವು ಊರಿಗೆ ಹೊರಡುವಾಗ ನನ್ನನ್ನು ಒಂದು ಬದಿಗೆ ಕರೆದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ.

"ತಪ್ಪಾತಣ್ಣಾ" ಎಂದಳು. "ನಂದ ಕಿವಿ ಸರಿ ಇಲ್ಲ. ಇಷ್ಟ ದಿನ ಇಂಥಾ ರಾಡಿ ಮಾಡಿ ಕೊಟ್ಟೇನಿ. ನೀ ನನ್ನ ಮನಸ್ಸ ನೋಯಬಾರದಂತ ಚೊಲೋ ಐತಿ ಅನಕೋತ ಬಂದಿ. ಮಂದಿ ಮುಂದ ನಿನ್ನ ಹೆಸರ ಕೆಡಿಸಿದ್ನಿ."

ನಾನು ಹೇಳುತ್ತ ಬಂದದ್ದೆಲ್ಲವನ್ನೂ ಅವಳು ನನ್ನ ಒಳ್ಳೆಯತನವೆಂದು ತಿಳಿದುಕೊಂಡಿದ್ದಳು. ಗುಂಡಿ ತಿರುವಿದವನು ನಾನು ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಇವತ್ತಿನದೊಂದೇ ಅಲ್ಲ, ನಾಗನೂರಿನದು, ಗೋಕಾಕದ್ದು, ಬಾಗಿಲಲ್ಲಿ ನಿಂತು ಹೇಳಿದ ಎಲ್ಲ ಸುಳ್ಳೂ ಹೊರಬರುತ್ತಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಹೇಳಿದೆ: "ಇರ್ಲಿ ಬಿಡವ್ವಾ."

ಅವಳು ಮಾಡದ ತಪ್ಪನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟೆ.

ಆಮೇಲೆ ಅವಳು ಹಾಡು ಮಾಡಲಿಲ್ಲ. ಕಂಪ್ಯೂಟರನ್ನು ಕಾಕಾನ ಮನೆಗೆ ಕೊಟ್ಟಳು, ಅಲ್ಲಿ ಅದು ಕೆಟ್ಟು ಮೂಲೆ ಸೇರಿತು. ಹೊಸ ಹಾಡುಗಳನ್ನು ನಾನು ಬೇರೆ ಕಡೆಯಿಂದ ತರುತ್ತಿದ್ದೆ. ಒಂದೆರಡು ಸಲ ಫೋನಿನಲ್ಲಿ, ಮತ್ತೆ ಮಾಡು, ಹುಕ್ಕೇರಿಗೇ ಒಂದು ಕಂಪ್ಯೂಟರ್ ತಂದು ಕೊಡುತ್ತೇನೆ ಎಂದೆ. "ಅವ್ವನ ದನಿನ ಮುಳುಗಿಸಿದಾಕಿ ನಾ. ಬ್ಯಾಡಣ್ಣಾ" ಎಂದಳು. ಆಗಲೂ ಮಳೆ-ಬೆಳೆಯ ಮಾತು ತೆಗೆದೆ. ಫೋನಿನ ಆ ಕಡೆ ಹೊಲಿಗೆ ಮಷಿನಿನ ಸಪ್ಪಳ ಕೇಳುತ್ತಿತ್ತು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಮಿಕ್ಸರ್ ಕೆಟ್ಟಿತು. ಗೋಕಾಕದಲ್ಲಿ ರಿಪೇರಿಗೆ ಕೊಟ್ಟು ತಂದೆ. ಒಂದು ಮುಂಜಾನೆ ಹೊಲದಲ್ಲಿ ಟ್ರೇಲರ್ ನಿಲ್ಲಿಸಿ, ಸರಿಯಾಗಿದೆಯೇ ನೋಡಲೆಂದು ಕೈಗೆ ಸಿಕ್ಕ ಹಳೆಯ ಪೆನ್‌ಡ್ರೈವ್ ಹಾಕಿದೆ. ಏನೇನೋ ಹಾಡು ಬರುತ್ತಿದ್ದವು. ಅವನ್ನು ಓಡಲು ಬಿಟ್ಟು ಟ್ರ್ಯಾಕ್ಟರಿನ ಗಾಲಿಗೆ ಗ್ರೀಸ್ ಹಚ್ಚುತ್ತ ಕುಳಿತೆ. ರಿಪೇರಿಯವನು ಗುಂಡಿಗಳನ್ನೆಲ್ಲ ನಡುವಿಗೆ ನಿಲ್ಲಿಸಿ ಕೊಟ್ಟಿದ್ದ. ನಾನು ಇನ್ನೂ ಮುಟ್ಟಿರಲಿಲ್ಲ.

ಅವ್ವ ಹಾಡತೊಡಗಿದಳು.

ಎದ್ದು ಓಡಿದೆ. ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು. ಆದರೆ ಮೊಣಕೈವರೆಗೆ ಗ್ರೀಸ್. ಹೊಸದಾಗಿ ರಿಪೇರಿಯಾದ ಮಿಕ್ಸರನ್ನು ಆ ಕೈಯಿಂದ ಮುಟ್ಟಲಾರದೆ, ಕೈ ಮೇಲಕ್ಕೆ ಹಿಡಿದುಕೊಂಡು ನಿಂತೆ. ಹಾಗಾಗಿ ಹಾಡು ಪೂರ್ತಿ ಕೇಳಿದೆ.

ಡೊಳ್ಳು ಬಿತ್ತು. ಬೇಸು ಸರಿದು ನಿಂತಿತು. ಡೊಳ್ಳು ದಾಟಿದ ಮೇಲೆ ಮೆಲ್ಲಗೆ ಬಂದು ಅಂಗಾಲಿನಿಂದ ಹೊಟ್ಟೆಗೆ ಏರಿತು. ಹೊಲದ ಶೆಡ್ಡಿನ ಪತ್ರಾಸು ಅಲುಗಲಿಲ್ಲ. ಅವ್ವನ ಸಣ್ಣ ದನಿ ಅದರ ಮೇಲೆ, ಕಂಕುಳಲ್ಲಿ ಕೂತ ಕೂಸಿನಂತೆ ನಿಶ್ಚಿಂತೆಯಿಂದ ಹೋಗುತ್ತಿತ್ತು. ಕೆಮ್ಮಿದಳು. ಕೋಳಿಯನ್ನು ಬೈದು ಓಡಿಸಿದಳು. ನಡೆದುಕೊಂಡು ಬದುವಿನವರೆಗೆ ಹೋದೆ, ತಂಗಿ ಹೇಳಿಕೊಟ್ಟಂತೆ. ಅಲ್ಲಿಯೂ ಡೊಳ್ಳು ಬೇರೆ, ಬೇಸು ಬೇರೆ, ಅವ್ವ ಬೇರೆ. ಒಂದು ದಿನವೂ ಕೇಳದ ದನಿಯನ್ನು ಅವಳು ಗೆರೆ ನೋಡಿ ಅಷ್ಟು ನೇರಕ್ಕೆ ಕೂಡಿಸಿದ್ದಳು. ನಾನು ಬದುವಿನ ಮೇಲೆ ಕುಳಿತು ಅತ್ತೆ. ಗ್ರೀಸಿನ ಕೈಯಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಕೈ ತೊಳೆದುಕೊಂಡು ಬಸ್ಸು ಹಿಡಿದೆ. ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟಿದಾಗ ಸಂತೆ ತುಂಬಿತ್ತು. ತಂಗಿ ಮುಂದಿನ ಖೋಲಿಯಲ್ಲಿ ಯಾರದೋ ಕುಪ್ಪಸ ಹೊಲಿಯುತ್ತಿದ್ದಳು.

"ಏನಣ್ಣಾ, ಫೋನಿಲ್ಲ ಏನಿಲ್ಲ! ಸಂತಿಗೆ ಬಂದೀಯೇನ? ಚೊಲೋ ಬದನಿಕಾಯಿ ಎಲ್ಲಾ ಹೋಗಿರತಾವ. ನಿನ್ನಂಥಾವ ಉಳದಿರತಾವ."

ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿದಳು. "ಯಾಕ? ಅರಾಮ ಇದ್ದೀಯಲ್ಲ?"

"ಅವ್ವನ ಹಾಡ ಕೇಳಿ ಬಂದೇನಿ. ದೊಡ್ಡ ಬಾಕ್ಸಿನ್ಯಾಗ."

ಮಷಿನಿನ ಗಾಲಿಯ ಮೇಲೆ ಅವಳ ಕೈ ನಿಂತಿತು. "ಆ ರಾಡಿ ಯಾಕ ಹಚ್ಚಾಕ ಹೋಗಿದ್ದಿ?" ಎಂದಳು, ತಲೆ ಎತ್ತದೆ.

ಇಷ್ಟು ವರ್ಷ ಹೇಳಲಾರದ್ದು ಆಗ ಬಾಯಿಂದ ಬಂತು. ಮೆಲ್ಲಗಲ್ಲ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಬಂತು.

"ರಾಡಿ ನಿಂದಲ್ಲ ತಂಗಿ, ನಂದು. ನಿನ್ನ ಲಗ್ನದಾಗ ಗುಂಡಿ ತಿರಿವಿದಾಂವ ನಾ. ನಾಗನೂರಾಗೂ ನಾನ, ಎಲ್ಲಾ ಕಡೆ ನಾನ. ನೀ ಕೇಳ ಅಂದಿ, ನಾ ಒಂದ ದಿನಾನೂ ನಿಂತ ಕೇಳ್ಲಿಲ್ಲ, ಬಂದ ಸುಳ್ಳ ಹೇಳಿದ್ನಿ. ನಿನ್ನ ಕಿವಿ ಸರಿ ಇತ್ತ. ಅವ್ವನ ದನಿ ಮುಳುಗಿಸಿದಾಂವ ನಾ. ನೀ ತಪ್ಪಾತು ಅಂದಾಗ ಇರ್ಲಿ ಬಿಡು ಅಂದ್ನಲ್ಲಾ, ಅದು ಎಲ್ಲಕ್ಕಿಂತ ದೊಡ್ಡ ತಪ್ಪ. ತಪ್ಪಾತವ್ವಾ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊ."